ಬಿಡಿ ರೂಪಾಯಿ, ಡಬ್ಬಿ ರೂಪಾಯಿ

ಮಾರಿಕುಪ್ಪಂ ಕಡೆಯಿಂದ ಬಂದ ರೈಲು ಊರಿಗಾಂನಲ್ಲಿ ನಿಂತಾಗ ಓಂಕಾರಪ್ಪ ಹತ್ತುವುದನ್ನು ಬಿಟ್ಟು ಬಾಗಿಲ ಪಕ್ಕದ ಕಬ್ಬಿಣದ ಹಿಡಿಕೆಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು ನೋಡಿದ. ಬಣ್ಣವನ್ನು ದಪ್ಪಗೆ ಬಳಿದಿದ್ದರು, ಒಂದು ಕಡೆ ಅದು ಇಳಿದು ಹನಿಗಟ್ಟಿತ್ತು. ಹನಿಯ ಕೆಳಗೆ ಬಿರುಕಿರಬಹುದೇ ಎಂದು ಇನ್ನೊಮ್ಮೆ ಕೆರೆದ. ಹಿಂದೆ ಹೂವಿನ ಬುಟ್ಟಿ ಹೊತ್ತು ನಿಂತಿದ್ದ ಹೆಂಗಸು, "ಟ್ರೈನ್ ಕೊಂಡ್ಕಂಡು ಓಗ್ತೀರಾ ಸಾರ್, ಇಲ್ಲ ಅತ್ತೀರಾ?" ಅಂದಳು. ಅಕ್ಕಪಕ್ಕದವರು ನಕ್ಕರು. ಓಂಕಾರಪ್ಪನೂ ನಕ್ಕ. ನಗದೆ ಇದ್ದರೆ, ತಾನು ನಿಜವಾಗಿಯೂ ಪರೀಕ್ಷೆ ಮಾಡುತ್ತಿದ್ದದ್ದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂಬ ಭಯ. ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ವರ್ಷಗಟ್ಟಲೆ ಗೇರುಗಳ ಹಲ್ಲಿನ ಮೇಲೆ ಉಗುರಾಡಿಸಿದವನಿಗೆ ಉಗುರು ಎಲ್ಲಿ ಬೇಕಾದರೂ ಓಡಾಡುತ್ತಿತ್ತು. ಬಾಚಣಿಗೆಯ ಮೇಲೆ, ತುರಿಯೋಮಣೆಯ ಮೇಲೆ, ಒಮ್ಮೆ ಮಗಳ ಮದುವೆಯಲ್ಲಿ ಮೈಮರೆತು ಬೀಗರ ಕೈಗಡಿಯಾರದ ಮೇಲೆ. ಬೀಗರು ಕೈ ಹಿಂದೆಗೆದುಕೊಂಡಿದ್ದರು. ಆ ಕೈ ಹಿಂದೆ ಹೋದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಿಟಕಿ ಪಕ್ಕ ಜಾಗ ಸಿಕ್ಕಿತು, ಕೂತ.

"ನೀವೇ ನೋಡಿ ತನ್ನಿ" ಎಂದಿದ್ದಳು ಬೆಳಿಗ್ಗೆ ಹೆಂಡತಿ ಆದಿಲಕ್ಷ್ಮಿ. ಬರೀ ತನ್ನಿ ಅಂದಿದ್ದರೆ ಇಷ್ಟು ತೊಂದರೆಯಿರಲಿಲ್ಲ. ನಾಳೆ ವರಮಹಾಲಕ್ಷ್ಮಿ ಹಬ್ಬ. ಆದಿಲಕ್ಷ್ಮಿಯ ತವರಿನಲ್ಲಿ ಕಲಶದೊಳಕ್ಕೆ ಹಾಕುವ ರೂಪಾಯಿ ಅಂತ ಒಂದಿರುತ್ತದೆ, ವಿಕ್ಟೋರಿಯಾ ರಾಣಿಯ ತಲೆಯಿರುವ ಹಳೇ ಬೆಳ್ಳಿ ರೂಪಾಯಿ. ಮಗಳಿಗೆ ಮದುವೆಯಾದಾಗ ಅದು ಮಡಿಲಕ್ಕಿಯ ಜೊತೆ ಮಗಳ ಮನೆಗೆ ಹೋಗಬೇಕು, ತಾಯಿ ತನ್ನ ಮನೆಗೆ ಇನ್ನೊಂದು ಹಳೇ ರೂಪಾಯಿ ಹುಡುಕಿಕೊಳ್ಳಬೇಕು. ಅತ್ತೆ ಮುತ್ಯಾಲಮ್ಮ ಕೊಟ್ಟಿದ್ದ ರೂಪಾಯಿ ಹೋದ ಮಾಘದಲ್ಲಿ ಮಗಳು ಪ್ರೇರಣಾಳ ಮಡಿಲು ಸೇರಿ ಹೊರಟುಹೋಯಿತು. ಆ ರೂಪಾಯಿಯಲ್ಲಿ ರಾಣಿಗೆ ಮೂಗೇ ಇರಲಿಲ್ಲ. ವರ್ಷವರ್ಷವೂ ಹುಣಸೆಹಣ್ಣು ಹಾಕಿ ತಿಕ್ಕಿ, ಮೂಗು, ಕೆನ್ನೆ, ಕಿರೀಟದ ಅರ್ಧ ಎಲ್ಲ ಸವೆದು, ಯಾವುದೋ ಮುದುಕಿ ಸೆರಗು ಹೊದ್ದು ಮಲಗಿದ ಹಾಗೆ ಕಾಣುತ್ತಿತ್ತು. ಆದರೂ ಅದು ಕಲಶದೊಳಕ್ಕೆ ಬಿದ್ದಾಗ ಟಿಣ್ ಅಂತ ಆಗುತ್ತಿದ್ದ ಸದ್ದಿಗೆ ಆದಿಲಕ್ಷ್ಮಿ ಕಣ್ಣು ಮುಚ್ಚುತ್ತಿದ್ದಳು, ಓಂಕಾರಪ್ಪನಿಗೂ ಏನೋ ಆಗುತ್ತಿತ್ತು. ಈ ವರ್ಷ ಆ ಸದ್ದು ಎಲ್ಲಿಂದ ತರುವುದು. "ಪೇಟೆ ತುಂಬ ಡೂಪ್ಲಿಕೇಟಂತೆ ಕಣ್ರೀ. ನಂಗೆ ತಿಳಿಯಾಕಿಲ್ಲ. ನಿಮ್ ಕಣ್ಣಿಗೆ ಬಿದ್ರೆ ತಪ್ಪಿಸ್ಕಳಾಕಿಲ್ಲ, ನೀವೇ ನೋಡಿ ತನ್ನಿ" ಎಂದಿದ್ದಳು, ರಾಗಿ ರೊಟ್ಟಿ ತಿರುವಿ ಹಾಕುತ್ತ. ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ಗೊತ್ತಾಗುತ್ತಿತ್ತೇನೋ.

ಅವಳಿಗೆ ಹೇಳದೆ ಇದ್ದದ್ದು ಏನೆಂದರೆ, ಓಂಕಾರಪ್ಪ ನೋಡಿದ್ದನ್ನು ಈಗ ಕಾರ್ಖಾನೆಯಲ್ಲಿ ಇನ್ನೊಬ್ಬರು ನೋಡುತ್ತಾರೆ. ಯಾವುದೋ ಗಣಿಗೆ ಹೋದ ಗಾಡಿಯ ಒಂದು ಗೇರು ಹಲ್ಲು ಮುರಿದುಕೊಂಡು ವಾಪಸು ಬಂದಿತ್ತು, ಅದರ ಮೇಲೆ ಓಂಕಾರಪ್ಪನ ಮುದ್ರೆ ಇತ್ತು. ತಪ್ಪು ಅವನ ಕಣ್ಣಿನದೋ, ಲೋಹದ್ದೋ, ಗಾಡಿ ಓಡಿಸಿದವನದೋ, ಯಾರಿಗೂ ಕೊನೆಗೂ ಗೊತ್ತಾಗಲಿಲ್ಲ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದರ ಬದಲು ನವನೀತ್ ಎಂಬ ಹುಡುಗನಿಗೆ ಗಾಜಿನ ಕೋಣೆಯಲ್ಲಿ ಒಂದು ಅಳೆಯುವ ಯಂತ್ರ ಕೊಟ್ಟು, ಓಂಕಾರಪ್ಪ ಪಾಸು ಮಾಡಿದ್ದನ್ನೆಲ್ಲ ಅಲ್ಲಿ ಇನ್ನೊಮ್ಮೆ ಇಟ್ಟು ಇನ್ನೊಂದು ಮುದ್ರೆ ಒತ್ತಬೇಕು ಅಂತ ಮಾಡಿದರು. "ಸುಮ್ನೆ ಫಾರ್ಮಾಲಿಟಿ ಸಾರ್" ಎನ್ನುತ್ತಾನೆ ನವನೀತ್, ಪ್ರತಿಸಲವೂ, ಮುದ್ರೆ ಒತ್ತುವ ಮುಂಚೆ. ಒಳ್ಳೆಯ ಹುಡುಗ. ಅವನ ಒಳ್ಳೆಯತನವೇ ತಡೆಯಲಾಗುವುದಿಲ್ಲ. ಓಂಕಾರಪ್ಪನ ಮುದ್ರೆ, ಅದರ ಪಕ್ಕ ನವನೀತನ ಮುದ್ರೆ; ಚಿಕ್ಕ ಮಗು ಸೈಕಲ್ ಕಲಿಯುವಾಗ ಹಿಂದೆ ಸೀಟು ಹಿಡಿದುಕೊಂಡು ಓಡುವವರ ಹಾಗೆ. ಕೆಟ್ಟ ಮಾಲಿಗೆ ಮಾತ್ರ ಇನ್ನೊಬ್ಬರ ಮುದ್ರೆ ಬೇಡ. ಕೆಟ್ಟದ್ದು ಅನ್ನಿಸಿದರೆ ಕೆಂಪು ಬಣ್ಣ ಹಚ್ಚಿ ಬೇರೆ ಹಲಗೆಯ ಮೇಲೆ ಇಡುವುದು ಕಾರ್ಖಾನೆಯ ಕ್ರಮ. ಕುಂಚ ಒಣಗಿಹೋಗಿದ್ದರೆ ಓಂಕಾರಪ್ಪ ಬೆರಳನ್ನೇ ಡಬ್ಬಿಗೆ ಅದ್ದಿ ಒಂದು ಬೊಟ್ಟು ಇಟ್ಟುಬಿಡುತ್ತಿದ್ದ. ಆದರೆ ಗೇರು ವಾಪಸು ಬಂದಮೇಲೆ ಅವನು ಯಾವುದಕ್ಕೂ ಕೆಂಪು ಹಚ್ಚಿಲ್ಲ. ಬೇಡ ಅನ್ನುವ ಧೈರ್ಯವೂ ಹೋಗಿತ್ತು, ಎಲ್ಲವನ್ನೂ ಪಾಸು ಮಾಡಿ ಗಾಜಿನ ಕೋಣೆಗೆ ಕಳಿಸಿ, ಅಲ್ಲಿಂದ ಏನು ಬರುತ್ತದೋ ಅಂತ ಶಾಲೆಯ ಹುಡುಗನ ಹಾಗೆ ಕಾಯುತ್ತಿದ್ದ.

ಹಳೇ ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬಗಳು ಕಿಟಕಿಯಾಚೆ ಸರಿದವು. ನಾಣ್ಯದ ವಿಷಯವನ್ನು ಓಂಕಾರಪ್ಪ ಒಂದು ತಿಂಗಳಿಂದ ಫೋನಿನಲ್ಲಿ ನೋಡುತ್ತಿದ್ದ, ಆದಿಲಕ್ಷ್ಮಿ ಕೇಳಿದರೆ ವಾರ್ತೆ ಎನ್ನುತ್ತಿದ್ದ. ಹಳೇ ನಾಣ್ಯಗಳನ್ನು ಪರೀಕ್ಷೆ ಮಾಡುವ ಕಂಪನಿಗಳಿವೆಯಂತೆ. ಅಸಲಿ ಅನ್ನಿಸಿದ್ದಕ್ಕೆ ಎಪ್ಪತ್ತಕ್ಕೆ ಇಷ್ಟು ಅಂತ ಒಂದು ಅಂಕ ಕೊಟ್ಟು, ಅಂಕ ಬರೆದ ಚೀಟಿಯ ಸಮೇತ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿಬಿಡುತ್ತಾರಂತೆ. ಮತ್ತೆ ತೆಗೆಯುವ ಹಾಗಿಲ್ಲ. ಎಪ್ಪತ್ತೇ ಯಾಕೆ, ನೂರು ಯಾಕಲ್ಲ ಎಂಬುದನ್ನು ಯಾರೂ ಹೇಳಲಿಲ್ಲ. ಎದುರು ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ ಮನುಷ್ಯನಿಗೆ ಓಂಕಾರಪ್ಪ ಮನಸ್ಸಿನಲ್ಲೇ ನಲವತ್ತು ಕೊಟ್ಟ. ಹೂವಿನ ಹೆಂಗಸಿಗೆ ಐವತ್ತೈದು. ನಾಲಿಗೆ ಚುರುಕು, ಅಂಚು ಸವೆದಿಲ್ಲ. ತನಗೆ ಎಷ್ಟು ಅಂತ ಯೋಚಿಸಿದಾಗ ಕಂಪನಿಯವರು ನಾಣ್ಯ ಅಸಲಿಯಾಗಿದ್ದರೂ ತೀರ ಉಜ್ಜಿಬಿಟ್ಟಿದ್ದರೆ ಅಂಕವನ್ನೇ ಕೊಡುವುದಿಲ್ಲ, ತೊಳೆದದ್ದು ಅಂತ ಮಾತ್ರ ಬರೆಯುತ್ತಾರೆ ಎಂದು ನೆನಪಾಯಿತು. ಹಾಗಾದರೆ ಮುತ್ಯಾಲಮ್ಮನ ರೂಪಾಯಿಗೆ ಅವರಲ್ಲಿ ಜಾಗವೇ ಇಲ್ಲ. ಅಷ್ಟು ವರ್ಷ ಪೂಜೆಯಾದದ್ದೇ ಅದರ ಐಬು. ಓಂಕಾರಪ್ಪನಿಗೆ ನಗು ಬಂತು, ಆಮೇಲೆ ಯಾಕೋ ಅಳು ಬಂದ ಹಾಗಾಯಿತು, ಅಷ್ಟರಲ್ಲಿ ಬಂಗಾರಪೇಟೆ ಬಂತು.

ಚಿರಂಜೀವಿಯದು ಪಾತ್ರೆ ಅಂಗಡಿ. ಮುಂದೆಲ್ಲ ಸ್ಟೀಲು, ಒಳಗೆ ಒಂದು ಗಾಜಿನ ಪೆಟ್ಟಿಗೆಯಲ್ಲಿ ಹಳೇ ನಾಣ್ಯ. ಹಬ್ಬದ ಹಿಂದಿನ ದಿನವಾದ್ದರಿಂದ ಹೆಂಗಸರು ಕಿಕ್ಕಿರಿದಿದ್ದರು. ಒಬ್ಬಾಕೆ ಒಂದು ತಪ್ಪಲೆಯನ್ನು ಎತ್ತಿ ಹಿಡಿದು ಬೆರಳಿನ ಗೆಣ್ಣಿನಿಂದ ಬಡಿದಳು, ಸದ್ದು ಕೇಳಿದಳು, ಬೇಡ ಅಂತ ಕೆಳಗಿಟ್ಟಳು, ಇನ್ನೊಂದನ್ನು ಬಡಿದಳು, ಅದನ್ನು ಕಂಕುಳಿಗೆ ಸೇರಿಸಿದಳು. ಅವಳಿಗೆ ಯಾವ ಮುದ್ರೆಯೂ ಬೇಕಾಗಲಿಲ್ಲ. ಓಂಕಾರಪ್ಪ ಅವಳನ್ನೇ ನೋಡುತ್ತ ನಿಂತುಬಿಟ್ಟ, ಅವಳು ಸೆರಗು ಸರಿಮಾಡಿಕೊಂಡು ದುರುಗುಟ್ಟಿದ ಮೇಲೆ ನಾಚಿಕೆಯಾಗಿ ಒಳಗೆ ಹೋದ.

"ರಾಣಿ ರೂಪಾಯಿ ಸಾರ್? ಬಿಡೀದು ಬೇಕಾ, ಡಬ್ಬೀದು ಬೇಕಾ?" ಎಂದ ಚಿರಂಜೀವಿ.

"ಏನು ವ್ಯತ್ಯಾಸ?"

"ಬಿಡೀದು ಅಂದ್ರೆ ನೀವು ನೋಡಿ ತಕಳಾದು. ಡಬ್ಬೀದು ಅಂದ್ರೆ ಅವ್ರು ನೋಡಿ ಕಳ್ಸಿರಾದು."

ಗಾಜಿನ ಮೇಲೆ ಎರಡನ್ನೂ ಇಟ್ಟ. ಒಂದೇ ಇಸವಿಯ ಎರಡು ರೂಪಾಯಿ. ಬಿಡಿಯದು ಮಸಿಬಣ್ಣಕ್ಕೆ ತಿರುಗಿ, ರಾಣಿ ಹೊಗೆಯ ಅಡುಗೆಮನೆಯಿಂದ ಈಗ ತಾನೇ ಎದ್ದು ಬಂದವಳ ಹಾಗಿದ್ದಳು. ಡಬ್ಬಿಯೊಳಗಿನವಳು ಬೆಳ್ಳಗೆ, ಸುತ್ತ ಬಿಳೀ ರಬ್ಬರಿನ ಬಳೆ, ತಲೆಯ ಮೇಲೆ ಚೀಟಿ, ಚೀಟಿಯಲ್ಲಿ ಅರವತ್ತಮೂರು. ಬೆಲೆ ಬಿಡಿಯದಕ್ಕಿಂತ ಮೂರು ಪಟ್ಟು.

"ಈ ಬಿಡಿಯದು ಒರಿಜಿನಲ್ ತಾನೆ?"

"ಅಂಗಂತ ನಾನೇಳಕಾಗಲ್ಲ ಸಾರ್. ಒಳ್ಳೇದು ಅಂದ್ರೆ ನೀವು ನಂಬಲ್ಲ, ಕೆಟ್ಟದ್ದು ಅಂದ್ರೆ ಯಾಪಾರ ಆಗಲ್ಲ. ಕಣ್ಣು ನಿಮ್ದು."

"ಡಬ್ಬಿಯದು?"

"ಅದ್ರಾಗೆ ಬರ್ದವ್ರಲ್ಲ ಸಾರ್."

"ಬರೆದವರನ್ನ ಯಾರು ನೋಡಿರ್ತಾರೆ?"

"ಯಾರ್ನ ಸಾರ್?"

"ಡಬ್ಬಿಯವರನ್ನ. ಅವರು ಸರಿಯಾಗಿ ನೋಡಿದ್ದಾರೆ ಅಂತ ನೋಡೋರು?"

ಚಿರಂಜೀವಿ ಈ ಪ್ರಶ್ನೆಯನ್ನು ಗೌರವದಿಂದಲೇ ಯೋಚಿಸಿದ. ಆಮೇಲೆ ಡಬ್ಬಿಯನ್ನು ಹಿಂದುಮುಂದು ಮಾಡಿ ಅಲ್ಲಿದ್ದ ಒಂದು ಅಂಟುಚೀಟಿಯನ್ನು ಬೆಳಕಿಗೆ ಹಿಡಿದ. "ನೋಡಿ ಸಾರ್, ಇದು ಮಿಣುಕ್ತದೆ" ಎಂದ. ನಿಜ, ಅದು ಮಿನುಗುತ್ತಿತ್ತು. "ಫೋನಿಂದ ಸ್ಕ್ಯಾನ್ ಮಾಡಿದ್ರೆ ಕಂಪ್ನಿಯೋರು ತೆಗ್ದಿರೋ ಫೋಟೋ ಬತ್ತದೆ. ಇದೇ ರೂಪಾಯಿ, ಇದೇ ಚೀಟಿ."

ಓಂಕಾರಪ್ಪ ಬಿಡಿ ರೂಪಾಯಿಯನ್ನು ಕೈಗೆತ್ತಿಕೊಂಡ. ಚಿರಂಜೀವಿ ಭೂತಗನ್ನಡಿ ಕೊಟ್ಟ. ಗಾಜಿನ ಕೆಳಗೆ ರಾಣಿ ಎಮ್ಮೆಯಷ್ಟು ದೊಡ್ಡದಾಗಿ ಕಂಡಳು, ಅವಳ ಕೆನ್ನೆಯ ಮೇಲೆ ಗೀರುಗಳಿದ್ದವು, ಗೀರುಗಳಲ್ಲಿ ಕೊಳೆಯಿತ್ತು, ಕೊಳೆಯಲ್ಲಿ ಇನ್ನೂ ಸಣ್ಣ ಗೀರು. ನೋಡಿದಷ್ಟೂ ಕಂಡಿತು, ಕಂಡದ್ದೆಲ್ಲ ಅನುಮಾನವಾಯಿತು. ಕಿರೀಟದ ಈ ಹೂವಿಗೆ ಎಸಳು ಇಷ್ಟೇ ಇರಬೇಕೇ? ಫೋನಿನಲ್ಲಿ ನೋಡಿದ್ದು ನೆನಪಾಗಲಿಲ್ಲ. ಚಿರಂಜೀವಿ ಅವನ ಕೈಯಿಂದ ತೆಗೆದುಕೊಂಡು ಹೆಬ್ಬೆರಳಿನಿಂದ ಮೇಲಕ್ಕೆ ಚಿಮ್ಮಿದ, ಟಿಣ್ ಅಂತು. ಅದೇ ಸದ್ದು. ಆದರೆ ಮರುಕ್ಷಣವೇ, ಇದು ಸ್ಟೀಲಿನ ಅಂಗಡಿ, ಇಲ್ಲಿ ಏನು ಬಿದ್ದರೂ ಟಿಣ್ ಅನ್ನುತ್ತದೆ ಅನ್ನಿಸಿತು. ಮತ್ತೆ ಕೈಗೆ ತೆಗೆದುಕೊಂಡು, ಏನು ಮಾಡುವುದಕ್ಕೂ ತೋಚದೆ ನಿಂತಿದ್ದಾಗ, ಹೆಬ್ಬೆರಳಿನ ಉಗುರು ತನ್ನಷ್ಟಕ್ಕೆ ರೂಪಾಯಿಯ ಅಂಚಿನ ಸಣ್ಣ ಹಲ್ಲುಗಳ ಮೇಲೆ ಒಂದು ಸುತ್ತು ಹೋಗಿ ಬಂತು. ಚಿರ್ರ್ ಅಂತ, ಎಲ್ಲೂ ತಡೆಯದೆ, ಒಂದೇ ಸಮ. ಉಗುರು ಏನನ್ನೋ ಹೇಳಿತು. ಅವನು ಕೇಳಿಸಿಕೊಳ್ಳಲಿಲ್ಲ. ಅವನಿಗೆ ಆ ಹೊತ್ತಿಗೆ ಗಾಜಿನ ಕೋಣೆಯಿಂದ ನವನೀತ್ ತಲೆಯೆತ್ತಿ, ಫಾರ್ಮಾಲಿಟಿ ಸಾರ್ ಎಂದು ನಗುತ್ತಿರುವುದು ಕಾಣುತ್ತಿತ್ತು. ನಾಳೆ ಕಲಶದ ಮುಂದೆ ಆದಿಲಕ್ಷ್ಮಿ ಕಣ್ಣು ಮುಚ್ಚಿದಾಗ ಒಳಗೆ ಬಿದ್ದದ್ದು ತಗಡಾದರೆ? ಮುಂದೆಂದೋ ಒಂದು ದಿನ ಅವಳು, ನೀವು ನೋಡಿ ತಂದಿದ್ರಲ್ಲ, ಅಂದರೆ?

"ಡಬ್ಬಿಯದೇ ಕೊಡಪ್ಪ" ಎಂದ.

"ಒಳ್ಳೇದಾಯ್ತು ಸಾರ್. ತಲೆನೋವಿಲ್ಲ" ಎಂದ ಚಿರಂಜೀವಿ. ಬಿಡಿ ರೂಪಾಯಿಯನ್ನು ತಿರುಗಿ ಪೆಟ್ಟಿಗೆಗೆ ಹಾಕಿದ, ಅದು ಮತ್ತೆ ಟಿಣ್ ಅಂತು.

ರೈಲಿಗೆ ಹೊತ್ತಿತ್ತು. ಪಾನಿಪೂರಿ ಗಾಡಿಯ ಮುಂದೆ ನಿಂತ. ಬಂಗಾರಪೇಟೆಯ ಪಾನಿಗೆ ಬಣ್ಣವಿಲ್ಲ, ನಲ್ಲಿ ನೀರಿನ ಹಾಗೆ ತಿಳಿ. ಗೊತ್ತಿಲ್ಲದವರು ಬರೀ ನೀರು ಕೊಟ್ಟ ಅಂತ ಜಗಳಕ್ಕೆ ನಿಲ್ಲುತ್ತಾರೆ, ಬಾಯಿಗಿಟ್ಟ ಮೇಲೆ ಕಣ್ಣಲ್ಲಿ ನೀರು ಬಂದು ಸುಮ್ಮನಾಗುತ್ತಾರೆ. ದೊನ್ನೆಯನ್ನು ಗಾಡಿಯ ಅಂಚಿನ ಮೇಲಿಟ್ಟು ಫೋನು ತೆಗೆದು ಡಬ್ಬಿಯನ್ನು ಸ್ಕ್ಯಾನ್ ಮಾಡಿದ. ಫೋಟೋ ಬಂತು. ಅದೇ ರಾಣಿ, ಅದೇ ಅರವತ್ತಮೂರು. ಫೋಟೋವನ್ನೂ ನಾಣ್ಯವನ್ನೂ ಪಕ್ಕಪಕ್ಕ ಹಿಡಿದು ನೋಡಿದ, ಒಂದು ಕೂದಲೆಳೆ ವ್ಯತ್ಯಾಸವಿರಲಿಲ್ಲ. ಹಾಯೆನಿಸಿತು. ಒಂದು ಪೂರಿ ಬಾಯಿಗಿಟ್ಟ, ಖಾರ ನೆತ್ತಿಗೇರಿತು, ಆ ಖಾರದಲ್ಲಿ ಒಂದು ವಿಚಾರ ಹೊಳೆಯಿತು. ನಕಲಿ ನಾಣ್ಯದ ಫೋಟೋ ತೆಗೆದರೂ ಅದು ನಕಲಿ ನಾಣ್ಯದ ಹಾಗೇ ಅಲ್ಲವೇ ಇರುವುದು? ಕೆಮ್ಮು ಬಂತು. ಗಾಡಿಯವನು ನೀರು ಕೊಟ್ಟ. ನೀರೋ ಪಾನಿಯೋ ನೋಡಿದರೆ ತಿಳಿಯುವಂತಿರಲಿಲ್ಲ, ಕುಡಿದೇ ತಿಳಿಯಬೇಕಿತ್ತು.

ಮನೆಗೆ ಬಂದಾಗ ಆದಿಲಕ್ಷ್ಮಿ ಆಗಲೇ ಹುಣಸೆಹಣ್ಣು ನೆನೆಹಾಕಿ ಕಾಯುತ್ತಿದ್ದಳು. ಡಬ್ಬಿಯನ್ನು ಕೈಗೆ ತೆಗೆದುಕೊಂಡು ಆಚೀಚೆ ತಿರುಗಿಸಿದಳು, ಉಗುರು ಸಿಕ್ಕಿಸಲು ಸಂದು ಹುಡುಕಿದಳು, ಪೆಪ್ಪರಮಿಂಟಿನ ಡಬ್ಬಿಯನ್ನು ಒತ್ತುವಂತೆ ಮೂಲೆಯಲ್ಲಿ ಒತ್ತಿದಳು.

"ಎಲ್ಲಿಂದ ತೆಗೀಬೇಕ್ರಿ ಇದನ್ನ?"

"ತೆಗೆಯೋ ಹಾಗಿಲ್ಲ."

"ತೆಗೀದೆ ಎಂಗೆ ತೊಳೆಯಾದು?"

"ತೊಳೆಯಬಾರದು. ತೊಳೆದರೆ ಅಂಕ ಹೋಗ್ತದೆ."

"ಯಾರ ಅಂಕ?"

ಓಂಕಾರಪ್ಪ ಅಂಗಡಿಯಲ್ಲಿ ಬಿಟ್ಟುಬಂದ ಬಿಡಿ ರೂಪಾಯಿಯ ವಿಷಯ, ಎಪ್ಪತ್ತರ ವಿಷಯ ಎಲ್ಲ ವಿವರಿಸಿದ. ಹೇಳುತ್ತ ಹೇಳುತ್ತ ಅವನಿಗೇ ಅದು ಯಾರೋ ಹುಚ್ಚರ ಕಥೆಯಂತೆ ಕೇಳಿಸಿತು. ಆದಿಲಕ್ಷ್ಮಿ ಪೂರ್ತಿ ಕೇಳಿದಳು. ಕಲಶದ ಲಕ್ಷ್ಮಿಗೆ ಎಪ್ಪತ್ತಕ್ಕೆ ಅರವತ್ತಮೂರು ಬಂದದ್ದು ಅವಳಿಗೆ ಅಷ್ಟೇನೂ ಬೇಜಾರಾದಂತೆ ಕಾಣಲಿಲ್ಲ. "ಉಳ್ದ ಏಳು ಯಾಕೆ ಕೊಡ್ಲಿಲ್ವಂತೆ?" ಎಂದು ಮಾತ್ರ ಕೇಳಿದಳು. ನೆನೆಹಾಕಿದ ಹುಣಸೆಹಣ್ಣನ್ನು ಅವಳು ಸಾರಿಗೆ ಹಾಕಿದಳು. ಸಾರು ಆ ದಿನ ಹುಳಿಯಾಯಿತು.

ಬೆಳಿಗ್ಗೆ ಬಾಗಿಲಿಗೆ ತೋರಣ, ಮಣೆಯ ಮೇಲೆ ಅಕ್ಕಿ, ಅಕ್ಕಿಯ ಮೇಲೆ ಕಲಶ. ಆದಿಲಕ್ಷ್ಮಿ ಹಸಿರು ಸೀರೆಯುಟ್ಟು ಕೂತು ಅಡಿಕೆ ಹಾಕಿದಳು, ಅರಿಶಿನದ ಕೊಂಬು ಹಾಕಿದಳು, ಆಮೇಲೆ ಡಬ್ಬಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡು ಕಲಶದ ಬಾಯಿಗೆ ಹಿಡಿದಳು. ಹೋಗಲಿಲ್ಲ. ನೆಟ್ಟಗೆ ಹಿಡಿದರೂ ಹೋಗಲಿಲ್ಲ, ಓರೆ ಮಾಡಿದರೂ ಹೋಗಲಿಲ್ಲ. ಸೋಫಾ ಸಾಗಿಸುವವರು ಬಾಗಿಲಲ್ಲಿ ಅದನ್ನು ಹೊರಳಿಸುವ ಹಾಗೆ ಒಂದು ಸಲ ಹೊರಳಿಸಿ ನೋಡಿದಳು. ಕಲಶದ ಬಾಯಿಗೆ ಮುಚ್ಚಳದ ಹಾಗೆ ಅಡ್ಡ ಇಟ್ಟು, ಅದರ ಮೇಲೆ ತೆಂಗಿನಕಾಯಿ ಕೂರಿಸಲು ನೋಡಿದಳು. ಕಾಯಿ ಜಾರಿ ಉರುಳಿ ಓಂಕಾರಪ್ಪನ ಕಾಲ ಬಳಿ ಬಂದು ನಿಂತಿತು. ಅವನು ಕಾಯಿಯನ್ನು ಎತ್ತಿ ಕೊಟ್ಟ. ಅವಳು ತೆಗೆದುಕೊಳ್ಳದೆ ಅವನ ಮುಖ ನೋಡಿದಳು.

"ಒಂದ್ಮಾತು ಏಳಿ. ಇದು ಬೆಳ್ಳೀನಾ?"

"ಬರೆದಿದ್ದಾರಲ್ಲ."

"ಅವ್ರು ಬರ್ದವ್ರೆ. ನೀವು ನೋಡಿದ್ರಾ?"

"ಕಂಪನಿಯವರು ಯಂತ್ರ ಇಟ್ಟು—"

"ಕಂಪ್ನಿಯೋರು ನಮ್ಮನೆಗೆ ಕುಂಕುಮಕ್ಕೆ ಬರ್ತಾರಾ? ನೀವು ನೋಡಿದ್ರಾ ಅಂತ ಕೇಳಿದ್ದು."

ಓಂಕಾರಪ್ಪ ಕಾಯಿಯನ್ನು ಮಣೆಯ ಮೇಲಿಟ್ಟು, ಡಬ್ಬಿಯನ್ನು ತೆಗೆದುಕೊಂಡು ಹಿತ್ತಲಿಗೆ ಹೋದ. ಗರಗಸದ ಬ್ಲೇಡು ಹುಡುಕಿದ. ಒಗೆಯುವ ಕಲ್ಲಿನ ಮೇಲೆ ಡಬ್ಬಿಯನ್ನಿಟ್ಟು ಒಂದು ಮೂಲೆಯನ್ನು ಕೊಯ್ಯತೊಡಗಿದ. ಪ್ಲಾಸ್ಟಿಕ್ ಕಿರುಗುಟ್ಟಿತು, ಬಿಳೀ ಪುಡಿ ಉದುರಿತು. ಅರವತ್ತಮೂರು ಎನ್ನುವ ಚೀಟಿ ಮಧ್ಯಕ್ಕೆ ಸೀಳಿ, ಆರು ಒಂದು ಕಡೆ, ಮೂರು ಇನ್ನೊಂದು ಕಡೆ ಬಿತ್ತು. ಇನ್ನು ಇದನ್ನು ಚಿರಂಜೀವಿ ವಾಪಸು ತೆಗೆದುಕೊಳ್ಳುವುದಿಲ್ಲ, ಕಂಪನಿ ಗುರುತಿಸುವುದಿಲ್ಲ, ಫೋನು ತೋರಿಸುವುದಿಲ್ಲ. ಇನ್ನು ಇದರ ಬಗ್ಗೆ ಲೋಕದಲ್ಲಿ ಹೇಳಬೇಕಾದವನು ಓಂಕಾರಪ್ಪನೊಬ್ಬನೇ. ರಬ್ಬರಿನ ಬಳೆ ಬಿಡಿಸಿದ. ರೂಪಾಯಿ ಅಂಗೈಗೆ ಬಿತ್ತು. ಉಗುರು ಅಂಚಿನ ಮೇಲೆ ಹೊರಟಿತು.

ಅರ್ಧ ಸುತ್ತು ಕೂಡ ಹೋಗಲಿಲ್ಲ, ನಿಂತಿತು. ಹಲ್ಲುಗಳು ಮೊಂಡಾಗಿದ್ದವು, ಸವೆದ ಮೊಂಡಲ್ಲ, ಹುಟ್ಟಿದಾಗಲೇ ಮೊಂಡು, ಒತ್ತಿ ಮಾಡಿದ್ದಲ್ಲ, ಎರಕ ಹೊಯ್ದ ಮೊಂಡು. ಅಂಚಿನ ನಡುವೆ ಸುತ್ತಲೂ ಒಂದು ಗೆರೆ, ಎರಡು ಅಚ್ಚುಗಳು ಕೂಡಿದ ಜಾಗ, ಅದನ್ನು ಅರದಿಂದ ತೇಯ್ದಿದ್ದರು. ಒಂದು ಕಡೆ ತೇಯಲು ಮರೆತಿದ್ದರು. ಬಿಳೀ ರಬ್ಬರಿನ ಬಳೆ ಇಷ್ಟು ದಿನ ಮುಚ್ಚಿಟ್ಟಿದ್ದು ಇದನ್ನೇ. ಓಂಕಾರಪ್ಪ ಇನ್ನೊಮ್ಮೆ ಉಗುರಾಡಿಸಿದ, ಕಣ್ಣು ಮುಚ್ಚಿಕೊಂಡು ಆಡಿಸಿದ, ಎಡಗೈಯಿಂದ ಆಡಿಸಿದ. ಪ್ರತಿಸಲವೂ ಅದೇ ಜಾಗದಲ್ಲಿ ನಿಂತಿತು. ಆಗ ನಿನ್ನೆ ಕೇಳಿಸಿಕೊಳ್ಳದೆ ಬಿಟ್ಟದ್ದು ಈಗ ಕೇಳಿಸಿತು, ಬಿಡಿ ರೂಪಾಯಿಯ ಅಂಚು, ಚಿರ್ರ್ ಅಂತ, ಎಲ್ಲೂ ತಡೆಯದೆ. ಅದು ಅಸಲಿ. ಇದು ನಕಲಿ. ಇಷ್ಟು ಸರಳ. ಮೂರು ಪಟ್ಟು ಕೊಟ್ಟು ತಂದದ್ದು ತಗಡೆಂದು ತಿಳಿದ ಮನುಷ್ಯ ತಲೆ ಮೇಲೆ ಕೈ ಹೊತ್ತು ಕೂರಬೇಕು. ಓಂಕಾರಪ್ಪನಿಗೆ ಖುಷಿಯಾಯಿತು. ಎಷ್ಟು ಖುಷಿಯೆಂದರೆ, ಒಗೆಯುವ ಕಲ್ಲಿಗೆ ಆತುಕೊಂಡು ನಿಂತು, ಹಬ್ಬದ ಪಂಚೆಯ ಮೇಲೆಲ್ಲ ಪ್ಲಾಸ್ಟಿಕ್ ಪುಡಿ ಬಿದ್ದದ್ದನ್ನೂ ಕೊಡವದೆ, ಒಬ್ಬನೇ ನಕ್ಕ. ಕಣ್ಣು ಹೋಗಿಲ್ಲ. ಉಗುರು ಹೋಗಿಲ್ಲ. ಹೋದದ್ದು ಬೇರೇನೋ, ಅದೂ ಈಗ ಬಂದಿದೆ.

ಒಳಗೆ ಬಂದು ಮಣೆಯ ಮುಂದೆ ನಿಂತ.

"ಇದು ನಕಲಿ" ಎಂದ.

ಆದಿಲಕ್ಷ್ಮಿ ದೀಪದ ಬತ್ತಿ ಸರಿಮಾಡುತ್ತಿದ್ದವಳು ಕೈ ನಿಲ್ಲಿಸಿದಳು. "ನೀವು ನೋಡಿ ಏಳ್ತಿದ್ದೀರಾ?"

"ನಾನೇ ನೋಡಿ ಹೇಳ್ತಿದ್ದೀನಿ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬಾಯಿ ನಿಲ್ಲಲಿಲ್ಲ. "ಆದಿಲಕ್ಷ್ಮಿ, ಕಾರ್ಖಾನೇಲಿ ನಾನು ನೋಡಿದ್ದನ್ನ ಈಗ ಯಾರೂ ನಂಬಲ್ಲ. ನಾನು ನೋಡಿದ್ದನ್ನ ಆ ನವನೀತ್ ಇನ್ನೊಂದು ಸಲ ನೋಡ್ತಾನೆ. ನಿನಗೆ ಹೇಳಿರಲಿಲ್ಲ."

"ಗೊತ್ತು" ಎಂದಳು ಅವಳು. ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿದಳು. "ನವನೀತನ್ ಅಮ್ಮ ಯುಗಾದಿ ಮುಂಚೇನೇ ಏಳಿದ್ರು. ಕ್ವಾರ್ಟರ್ಸ್‌ಗೆಲ್ಲಾ ಗೊತ್ತು."

ಯುಗಾದಿಯಿಂದ ಈಚೆಗೆ ಓಂಕಾರಪ್ಪ ಬೆಳಿಗ್ಗೆ ಶರ್ಟಿನ ಗುಂಡಿ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಇವತ್ತು ಇನ್ಸ್‌ಪೆಕ್ಷನ್ನಿನಲ್ಲಿ ತುಂಬ ಕೆಲಸ ಅಂತ ಹೇಳಿ ಹೊರಟ ದಿನಗಳೆಲ್ಲ ಒಟ್ಟಿಗೆ ಅವನ ಎದುರು ಬಂದು ನಿಂತವು. ಪ್ರತಿದಿನವೂ ಅವಳು ಊಟದ ಡಬ್ಬಿ ಕೊಟ್ಟು, ಉಷಾರು, ಅಂದಿದ್ದಳು.

"ಗೊತ್ತಿದ್ದೂ ನೋಡಿ ತನ್ನಿ ಅಂದೆಯಾ?"

"ಗೊತ್ತಿದ್ದಕ್ಕೇ ಅಂದಿದ್ದು" ಎಂದಳು ಆದಿಲಕ್ಷ್ಮಿ. "ಇಲ್ದಿದ್ರೆ ನಾನೇ ಓಗಿ ತರ್ತಿರ್ಲಿಲ್ವಾ? ಬಂಗಾರ್ಪೇಟೆ ನಂಗೇನು ಅಮೆರಿಕಾನಾ?" ಆಮೇಲೆ ದನಿ ತಗ್ಗಿಸಿ, "ಆ ಬಿಡೀದು ಇನ್ನೂ ಐತಾ ಅವ್ನತ್ರ?" ಎಂದು ಕೇಳಿದಳು.

"ಇರಬಹುದು."

"ನಾಳೆ ಇಬ್ರೂ ಓಗಾಣ. ಈಗ ಹೊತ್ತಾಗ್ತದೆ." ಪರ್ಸಿನಿಂದ ಒಂದು ಹತ್ತು ರೂಪಾಯಿ ನಾಣ್ಯ ತೆಗೆದು, ತೊಳೆದು, ಕಣ್ಣಿಗೊತ್ತಿಕೊಂಡು ಕಲಶದೊಳಕ್ಕೆ ಬಿಟ್ಟಳು. ಅದು ಟಿಣ್ ಅನ್ನಲಿಲ್ಲ, ಟಕ್ ಅಂತು. ಆದರೂ ಅವಳು ಕಣ್ಣು ಮುಚ್ಚಿದಳು.

ಓಂಕಾರಪ್ಪನಿಗೆ ಕೈಯಲ್ಲಿದ್ದ ನಕಲಿ ರೂಪಾಯಿಯನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಒಳ್ಳೆಯದರ ಜೊತೆ ಬೆರೆಯಬಾರದು, ಅದು ಕ್ರಮ. ಮಣೆಯಿಂದ ದೂರ, ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ತಟ್ಟೆ ಬೋರಲು ಹಾಕಿ, ಅದರ ಮೇಲೆ ಇಟ್ಟ. ಆಮೇಲೆ ಸುತ್ತ ನೋಡಿ, ಕುಂಕುಮದ ಭರಣಿಗೆ ಬೆರಳದ್ದಿ, ರಾಣಿಯ ಹಣೆಯಿಂದ ಗದ್ದದವರೆಗೆ ಬರುವಂತೆ ದಪ್ಪನಾಗಿ ಒಂದು ಕೆಂಪು ಬೊಟ್ಟು ಇಟ್ಟ. ಎಷ್ಟು ದಿನವಾಗಿತ್ತು ಬೇಡ ಅಂದು. ಬೆರಳನ್ನು ಪಂಚೆಗೆ ಒರೆಸಿಕೊಂಡ.

ಸಂಜೆ ಅರಿಶಿನ ಕುಂಕುಮಕ್ಕೆ ಹೆಂಗಸರು ಬಂದರು. ಓಂಕಾರಪ್ಪ ಒಳಗಿನ ಕೋಣೆಯಲ್ಲಿ ಕೂತು, ಅರೆತೆರೆದ ಬಾಗಿಲಿನಿಂದ ನೋಡುತ್ತಿದ್ದ. ಪಕ್ಕದ ಮನೆಯ ತ್ರಿವೇಣಿ ಕಲಶಕ್ಕೆ ನಮಸ್ಕಾರ ಮಾಡಿ ಎದ್ದವಳು ಕಿಟಕಿಯ ಕಡೆ ತಿರುಗಿದಳು. ಒಂಟಿಯಾಗಿ, ಎತ್ತರದಲ್ಲಿ, ಮುಖದ ತುಂಬ ಕುಂಕುಮ ಹೊತ್ತು ಕೂತ ರೂಪಾಯಿ ಕಂಡಿತು. "ಅಯ್ಯೋ, ಇದನ್ನ ನೋಡ್ಲೇ ಇಲ್ಲ ಅಕ್ಕ, ದೇವರು ಇಲ್ಲೂ ಇಕ್ಕಿದ್ದೀರಾ?" ಎಂದು ಹೋಗಿ ಕೆನ್ನೆ ಬಡಿದುಕೊಂಡು ಅಕ್ಷತೆ ಹಾಕಿದಳು. ಅವಳ ಹಿಂದೆ ನವನೀತನ ತಾಯಿ ಹೋದರು, ಒಂದು ಎಳೆ ಹೂವಿಟ್ಟು, ಬಗ್ಗಿ ಹಣೆ ಮುಟ್ಟಿಸಿದರು. ಉಳಿದವರೂ ಹೋದರು. ಓಂಕಾರಪ್ಪನಿಗೆ ಎದ್ದು ಹೋಗಿ, ಅಮ್ಮಾ, ಅದು ರಿಜೆಕ್ಟ್ ಆಗಿರುವ ಮಾಲು, ಅಂತ ಹೇಳಬೇಕೆನ್ನಿಸಿತು. ಬಾಗಿಲ ಹಿಡಿಕೆಯವರೆಗೆ ಕೈ ಹೋಯಿತು, ಉಗುರು ಅದನ್ನು ಒಮ್ಮೆ ಕೆರೆಯಿತು, ಅಲ್ಲೇ ನಿಂತ. ಆದಿಲಕ್ಷ್ಮಿ ತಾಂಬೂಲದ ತಟ್ಟೆ ಹಿಡಿದುಕೊಂಡು ಅವನಿದ್ದ ಬಾಗಿಲ ಕಡೆ ನೋಡಿದಳು. ಅವಳ ತುಟಿ ನಗು ತಡೆದುಕೊಳ್ಳುತ್ತಿತ್ತು, ಕಣ್ಣು ಮಾತ್ರ ಒದ್ದೆಯಾಗಿತ್ತು.

"ಹಳೇ ಕಾಲದ್ದಲ್ವಾ ಅಕ್ಕ? ಯಾರು ತಂದಿದ್ದು?" ಎಂದು ಕೇಳಿದರು ನವನೀತನ ತಾಯಿ.

"ನಮ್ಮೋರೇ" ಎಂದಳು ಆದಿಲಕ್ಷ್ಮಿ. "ತಂದು ನೋಡಿದ್ರು."

ಆ ಮಾತಿನಲ್ಲಿ ಏನೋ ಹಿಂದುಮುಂದಾಗಿದೆ ಅಂತ ಅವರಿಗೆ ಅನ್ನಿಸಿರಬೇಕು, ಇನ್ನೊಮ್ಮೆ ರೂಪಾಯಿಯ ಕಡೆ ತಿರುಗಿ ನೋಡಿದರು. ಆದಿಲಕ್ಷ್ಮಿ ಅವರ ಹಣೆಗೆ ಕುಂಕುಮವಿಟ್ಟು, ತಾಂಬೂಲ ಕೊಟ್ಟು, ಬಾಗಿಲವರೆಗೆ ಬಿಟ್ಟು ಬಂದಳು.